ಮನೆ ಖಾಲಿ ಮಾಡುವ ವಾರ

ಮೈಸೂರಿನ ಹಳೆ ಬಡಾವಣೆಯಲ್ಲಿ ಒಂದು ಮನೆ ಮಾರಾಟವಾಯಿತು ಅಂದರೆ, ಅದರೊಳಗಿನ ಸಾಮಾನಿಗೆ ಉಳಿಯುವುದು ಹೆಚ್ಚೆಂದರೆ ಒಂದು ವಾರ. ಮಕ್ಕಳು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ರಜೆ ಹಾಕಿ ಬಂದಿರುತ್ತಾರೆ. ಬೆಳ್ಳಿ, ಹಿತ್ತಾಳೆ, ದೇವರ ಮನೆಯ ಸಾಮಾನು ಮೊದಲು ಹಂಚಿಕೆಯಾಗುತ್ತದೆ. ಆಮೇಲೆ ಬೀಟೆ ಮರದ ಮಂಚ, ತೇಗದ ಬೀರು. ಪುಸ್ತಕಗಳನ್ನು ಯಾವುದಾದರೂ ಲೈಬ್ರರಿಗೆ ಕೊಡೋಣ ಅನ್ನುತ್ತಾರೆ. ಕೊನೆಗೆ ಅಟ್ಟದ ಸರದಿ. ಹಳೆ ಟ್ರಂಕು, ತೊಟ್ಟಿಲು, ಬಿರುಕು ಬಿಟ್ಟ ಭರಣಿ, ಬಟ್ಟೆ ಮುಚ್ಚಿದ ರೇಡಿಯೊ. ಅಷ್ಟರಲ್ಲಿ ಗುಜರಿಯವರ ಆಟೊ ಬಂದು ಗೇಟಿನ ಮುಂದೆ ನಿಂತಿರುತ್ತದೆ. ನಾನು ಅದಕ್ಕಿಂತ ಮುಂಚೆ ಅಲ್ಲಿಗೆ ಹೋಗಿರಬೇಕು.

ನಾನು ಹುಡುಕುವುದು ಟ್ರಾನ್ಸಿಸ್ಟರ್ ಬರುವ ಮುಂಚಿನ, ಗಾಜಿನ ಬಲ್ಬಿನಂಥ ವಾಲ್ವಿನಿಂದ ನಡೆಯುವ ವಾಲ್ವ್ ರೇಡಿಯೊ, ರೆಕಾರ್ಡ್ ಪ್ಲೇಯರ್, ದೊಡ್ಡ ಸುರುಳಿ ಟೇಪಿನ ಸ್ಪೂಲ್ ಟೇಪ್ ರೆಕಾರ್ಡರ್, ಹಳೆ ಆಂಪ್ಲಿಫೈಯರ್, ಸ್ಪೀಕರ್. ಅಮೆರಿಕದಲ್ಲಿ ಇದಕ್ಕೆಲ್ಲ ಎಸ್ಟೇಟ್ ಸೇಲ್ ಅಂತ ಮಾಡುತ್ತಾರೆ. ಮನೆಯವರು ತೀರಿಹೋದ ಮೇಲೆ ಬಾಗಿಲು ತೆರೆದು, ಒಂದೊಂದು ಸಾಮಾನಿಗೂ ಬೆಲೆಚೀಟಿ ಅಂಟಿಸಿ ಮಾರುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಬಹುದು. ನಮ್ಮಲ್ಲಿ ಸಾವಾದ ಮನೆಗೆ ಹೋಗಿ "ಏನಾದ್ರೂ ಮಾರ್ತೀರಾ?" ಅಂತ ಕೇಳುವುದಕ್ಕೆ ಆಗುತ್ತದಾ? ಕೇಳಲೂಬಾರದು. ವರ್ಷಾಂತಿಕ ಮುಗಿದು, ಮನೆ ಮಾರುವ ಮಾತು ಬಂದು, ಅವರೇ "ಇದನ್ನೇನು ಮಾಡೋದು" ಅಂತ ಯೋಚಿಸುವ ಹೊತ್ತಿಗೆ ಯಾರಾದರೂ ನನ್ನ ಹೆಸರು ಹೇಳಬೇಕು. ಅವರು ಕರೆದರೆ ಮಾತ್ರ ನಾನು ಹೋಗುವುದು.

ಹಾಗಾಗಿ ಸುದ್ದಿ ಕೊಡುವವರ ಪರಿಚಯವೇ ಈ ಕೆಲಸದ ಬುನಾದಿ. ಮನೆ ಬ್ರೋಕರ್‌ಗಳಿಂದ ಉಪಯೋಗವಿಲ್ಲ, ಅವರ ಗಮನವೆಲ್ಲ ಸೈಟಿನ ಅಳತೆಯ ಮೇಲೆ. ಬೀದಿಯ ಇಸ್ತ್ರಿ ಅಂಗಡಿಯವರಿಗೆ ಎಲ್ಲ ಗೊತ್ತಿರುತ್ತದೆ. ಯಾರ ಮನೆಗೆ ಮಗ ಬಂದಿದ್ದಾನೆ, ಯಾರ ಬಟ್ಟೆ ಬರುವುದು ನಿಂತಿದೆ, ಯಾರು ಮನೆ ಬಿಡುತ್ತಿದ್ದಾರೆ. ಹಳೆ ಪೇಪರ್ ತೆಗೆದುಕೊಳ್ಳುವವರು, ಎಲೆಕ್ಟ್ರಿಷಿಯನ್, ಹಳೆ ಮನೆ ಒಡೆಯುವ ಮೇಸ್ತ್ರಿ, ಇವರೂ ಅಷ್ಟೇ. ನಾನು ಇವರಿಗೆಲ್ಲ ವಾಲ್ವ್ ರೇಡಿಯೊ, ಸ್ಪೂಲ್ ರೆಕಾರ್ಡರ್‌ಗಳ ಫೋಟೊ ಪ್ರಿಂಟ್ ಮಾಡಿಸಿ ಕೊಟ್ಟಿದ್ದೇನೆ. ಸುಮ್ನೆ ರೇಡಿಯೊ ಅಂದರೆ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್ ನೆನಪಾಗುತ್ತದೆ, ಸ್ಪೂಲ್ ಅಂದರೆ ಏನೂ ನೆನಪಾಗುವುದಿಲ್ಲ. ಸುದ್ದಿ ಕೊಟ್ಟವರಿಗೆ, ನನಗೆ ಸಾಮಾನು ಸಿಕ್ಕರೂ ಸಿಗದಿದ್ದರೂ, ಅಷ್ಟೋ ಇಷ್ಟೋ ಕೊಡುತ್ತೇನೆ. ಅವರು ಕೆಲಸ ಬಿಟ್ಟು ಫೋನ್ ಮಾಡಿರುತ್ತಾರೆ.

ನಮ್ಮೂರಿನಲ್ಲಿ ಇಂಥ ಸಾಮಾನು ಇಷ್ಟೊಂದು ಇರುವುದಕ್ಕೆ ಕಾರಣವೂ ಇದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಮೊದಲಿಗೆ ಇದ್ದದ್ದು 30 ವಾಟ್‌ನ ಟ್ರಾನ್ಸ್‌ಮಿಟರ್. ಮನೆಯೊಳಗಿನ ಒಂದು ಬಲ್ಬಿಗೂ ಅದಕ್ಕಿಂತ ಜಾಸ್ತಿ ವಿದ್ಯುತ್ ಹೋಗುತ್ತಿದ್ದ ಕಾಲವನ್ನು ನಾವು ನೋಡಿದ್ದೇವೆ. ಆ ಪುಟ್ಟ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಅನ್ನುವ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಬಂತು. ಅದೇ ಊರಿನಲ್ಲಿ ಜಯಚಾಮರಾಜ ಒಡೆಯರ್ ಇದ್ದರು. ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ಎಚ್‌ಎಂವಿ ಕಂಪನಿ ರೆಕಾರ್ಡ್ ಮಾಡುವುದಕ್ಕೆ ದುಡ್ಡು ಕೊಟ್ಟವರು ಅವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರೆಕಾರ್ಡ್ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ಕಂಡ ರೆಕಾರ್ಡ್ ಸಂಗ್ರಹ, ಬಗೆಬಗೆಯ ಸ್ಪೀಕರ್‌ಗಳು, ದೊಡ್ಡ ಪಿಯಾನೊಗಳ ಬಗ್ಗೆ ಬೆರಗಿನಿಂದ ಹೇಳಿಕೊಂಡಿದ್ದಾರೆ.

ಅರಸರಿಗೆ ಈ ಆಸಕ್ತಿ ಇದ್ದ ಊರಿನಲ್ಲಿ ಮೇಷ್ಟ್ರು, ಇಂಜಿನಿಯರು, ಅರಮನೆ ನೌಕರರು, ಬ್ಯಾಂಕಿನವರು ಕೈಲಾದಷ್ಟು ಕೂಡಿಟ್ಟು ಒಂದು ರೇಡಿಯೊ ತಂದರು. ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು, ಸರಸ್ವತಿಪುರಂ. ಈ ಬಡಾವಣೆಗಳ ಅಟ್ಟಗಳಲ್ಲಿ ಇನ್ನೂ ಮರ್ಫಿ, ಫಿಲಿಪ್ಸ್, ಬುಷ್, ಜಿಇಸಿ ಸೆಟ್‌ಗಳಿವೆ.

ಈ ಸಲ ಕರೆ ಬಂದದ್ದು ಒಂಟಿಕೊಪ್ಪಲಿನ ಮನೆಯೊಂದರಿಂದ. ಮನೆ ಮಗಳಿಗೇ ಅರವತ್ತು ದಾಟಿದೆ, ಬೆಂಗಳೂರಿನ ಜಯನಗರದಲ್ಲಿದ್ದಾರೆ. ತಾಯಿ ಹೋಗಿ ವರ್ಷವಾಗಿತ್ತು. ತಂದೆ ಅದಕ್ಕೂ ಬಹಳ ಮುಂಚೆ ಹೋದವರು. ತಂದೆಯನ್ನು ಆ ಮನೆಯಲ್ಲಿ ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದರಂತೆ.

"ಬನ್ನಿ, ಚಪ್ಪಲಿ ಇರ್ಲಿ ಬಿಡಿ, ಮನೆಯೆಲ್ಲಾ ಧೂಳು" ಅಂದರು. ನಾನು ಚಪ್ಪಲಿ ಬಿಟ್ಟೇ ಒಳಗೆ ಹೋದೆ. ಪಡಸಾಲೆಯಲ್ಲಿ ರೇಡಿಯೊ ಆಗಲೇ ಕೆಳಗಿಳಿಸಿ ಇಟ್ಟಿದ್ದರು. ಫಿಲಿಪ್ಸ್ ಸೆಟ್, ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಜಾಲರಿ, ದಂತದ ಬಣ್ಣದ ಗುಂಡಿಗಳು. ಪಕ್ಕದಲ್ಲಿ ಒಂದಾದ ಮೇಲೊಂದು ರೆಕಾರ್ಡನ್ನು ತಾನೇ ಹಾಕಿಕೊಳ್ಳುವ ಗ್ಯಾರಾರ್ಡ್ ರೆಕಾರ್ಡ್ ಚೇಂಜರ್. ಗೋಡೆಗೆ ಒರಗಿಸಿದ್ದ ಒಂದು ಗ್ರುಂಡಿಗ್ ಸ್ಪೂಲ್ ರೆಕಾರ್ಡರ್.

"ಪ್ಲಗ್ ಹಾಕಿ ನೋಡೋಣ್ವಾ? ಹಾಡುತ್ತೋ ಏನೋ" ಅಂತ ಅವರು ಸ್ವಿಚ್ ಬೋರ್ಡ್ ಕಡೆ ಹೊರಟರು.

"ಬೇಡ ಅಮ್ಮ, ದಯವಿಟ್ಟು ಬೇಡ. ಈಗ ಹಾಕಿದ್ರೆ ಒಳಗಡೆ ಸುಟ್ಟುಹೋಗಬಹುದು."

ಈ ಮಾತನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಹಳೆ ಸೆಟ್‌ಗಳು ಸಾಯುವುದು ಅಟ್ಟದ ಮೇಲಲ್ಲ, ಕೆಳಗಿಳಿಸಿ ಪ್ಲಗ್ ಹಾಕಿದ ಆ ಒಂದು ನಿಮಿಷದಲ್ಲಿ. ವಾಲ್ವ್ ರೇಡಿಯೊ ಒಳಗೆ 250 ವೋಲ್ಟ್ ಆಸುಪಾಸಿನ ಡಿಸಿ ಓಡಾಡುತ್ತದೆ. ಅದನ್ನು ಸಮ ಮಾಡುವುದಕ್ಕೆ ದೊಡ್ಡ ಫಿಲ್ಟರ್ ಕಂಡೆನ್ಸರ್ ಇರುತ್ತದೆ. ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಅದರ ಒಳಗಿನ ತೆಳು ಪದರ ಹಾಳಾಗಿ, ಒಮ್ಮೆಲೇ 230 ವೋಲ್ಟ್ ಕೊಟ್ಟಾಗ ಅದು ಶಾರ್ಟ್ ಆದಂತೆ ಕರೆಂಟ್ ಎಳೆಯುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಹೋಗುತ್ತದೆ. ಅದರ ಹಿಂದೆ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಇನ್ನೊಂದು ಕಡೆ, ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ ಹಿಂದೆ ಮೇಣ ಹಚ್ಚಿದ ಕಾಗದದ ಒಂದು ಸಣ್ಣ ಕಂಡೆನ್ಸರ್ ಇರುತ್ತದೆ. ಅದು ಸೋರಿದರೆ ಆ ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ತಾನೂ ಸುಟ್ಟುಕೊಳ್ಳುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಕಂಡೆನ್ಸರ್ ಹೊಸದು ಕೆಲವೇ ರೂಪಾಯಿಗೆ ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸುತ್ತಿಸಿಕೊಂಡು ಬರಬೇಕು, ಅದನ್ನು ಸರಿಯಾಗಿ ಸುತ್ತುವ ಕೈಗಳು ಈಗ ಬಹಳ ಕಮ್ಮಿ.

ಹಾಗಾಗಿ ಮನೆಯಲ್ಲಿ ನಾನು ನೋಡುವುದೆಲ್ಲ ಕರೆಂಟ್ ಇಲ್ಲದೆ. ಒಂದು ಟಾರ್ಚ್, ಬಣ್ಣ ಹಚ್ಚುವ ಮೆತ್ತನೆ ಬ್ರಷ್, ಸ್ಕ್ರೂಡ್ರೈವರ್, ಮಲ್ಟಿಮೀಟರ್. ಹಿಂದಿನ ರಟ್ಟು ಬಿಚ್ಚಿದ ಕೂಡಲೇ ಮೊದಲು ಮೂಗು ಕೆಲಸ ಮಾಡುತ್ತದೆ. ಸುಟ್ಟ ಟಾರಿನ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂತ ಅನುಮಾನ. ಇಲಿ ಗೂಡು ಕಟ್ಟಿದ್ದರೆ ತಂತಿಗಳ ರಬ್ಬರ್ ಉಳಿದಿರುವುದಿಲ್ಲ. ಗೆದ್ದಲು ಮರದ ತಳಭಾಗದಿಂದ ಬರುತ್ತದೆ, ಹಾಗಾಗಿ ಪೆಟ್ಟಿಗೆಯನ್ನು ಓರೆ ಮಾಡಿ ಅಡಿ ನೋಡಬೇಕು.

ಆಮೇಲೆ ವಾಲ್ವ್. ಗಾಜಿನ ತಲೆಯ ಒಳಗಡೆ ಬೆಳ್ಳಿ ಬಣ್ಣದ ಒಂದು ಮಚ್ಚೆ ಇರುತ್ತದೆ. ಒಳಗೆ ಉಳಿದ ಅಷ್ಟಿಷ್ಟು ಗಾಳಿಯನ್ನು ಹೀರಿಕೊಳ್ಳುವುದಕ್ಕೆ ಬೇರಿಯಂ ಲೋಹವನ್ನು ಅಲ್ಲಿ ಹಿಡಿಸಿರುತ್ತಾರೆ. ಆ ಮಚ್ಚೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಗಾಜು ಬಿಗಿಯಾಗಿದೆ ಅಂತ ಅರ್ಥ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಆ ವಾಲ್ವ್ ಮುಗಿಯಿತು. ಒಂಟಿಕೊಪ್ಪಲಿನ ಸೆಟ್ಟಿನಲ್ಲಿ ಎಲ್ಲವೂ ಹೊಳೆಯುತ್ತಿದ್ದವು. ನನಗೆ ಆಗಲೇ ಅರ್ಧ ಸಮಾಧಾನ.

ವಾಲ್ವಿನ ಮೇಲೆ ಬರೆದ ಅಕ್ಷರಗಳನ್ನು ಓದುವುದು ಕಲಿತರೆ ಇನ್ನೂ ಎಷ್ಟೋ ತಿಳಿಯುತ್ತದೆ. ಫಿಲಿಪ್ಸ್ ಪದ್ಧತಿಯಲ್ಲಿ ಮೊದಲ ಅಕ್ಷರ ಒಳಗಿನ ಹೀಟರ್‌ನದ್ದು. ಇ ಅಂದರೆ 6.3 ವೋಲ್ಟ್, ಇಎಲ್84 ಥರ. ಡಿ ಅಂದರೆ ಬ್ಯಾಟರಿ ಸೆಟ್ಟಿನ 1.4 ವೋಲ್ಟ್. ಯು ಅಂದರೆ 100 ಮಿಲಿಆಂಪ್, ಎಲ್ಲ ವಾಲ್ವಿನ ಹೀಟರ್‌ಗಳೂ ಸಾಲಾಗಿ ಒಂದರ ಹಿಂದೆ ಒಂದು. ಯುಎಲ್84, ಯುವೈ85 ಅಂತ ಕಂಡರೆ ನಾನು ಕೈ ಹಿಂದೆ ತೆಗೆದುಕೊಳ್ಳುತ್ತೇನೆ. ಅದು ಎಸಿ-ಡಿಸಿ ಸೆಟ್. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಗೋಡೆಯ ಒಂದು ತಂತಿ ನೇರವಾಗಿ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಸೇರಿರುತ್ತದೆ. ಎರಡು ಕಡ್ಡಿಯ ಹಳೆ ಪ್ಲಗ್ ತಿರುಗುಮುರುಗಾಗಿ ಹಾಕಿದರೆ ಇಡೀ ಚಾಸಿ 230 ವೋಲ್ಟಿನಲ್ಲಿ ನಿಲ್ಲುತ್ತದೆ. ಗುಂಡಿ ಕಳಚಿಹೋದ ಸೆಟ್ಟಿನ ಕಬ್ಬಿಣದ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದರೆ ಜೀವಕ್ಕೇ ಅಪಾಯ. ಇಂಥ ಸೆಟ್ ಕಂಡರೆ, ನಾನು ಕೊಳ್ಳದಿದ್ದರೂ ಮನೆಯವರಿಗೆ ಇದನ್ನು ಬಿಡಿಸಿ ಹೇಳಿಯೇ ಬರುತ್ತೇನೆ.

ಈ ಪರೀಕ್ಷೆ ಎಲ್ಲ ಮುಗಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಜಾಸ್ತಿ ಹೊತ್ತು ಹೋಗುವುದು ಮಾತಿಗೆ. ಹೋಗಲೂಬೇಕು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಯಾರು ಬಳಸುತ್ತಿದ್ದರು, ಎಲ್ಲಿಟ್ಟಿದ್ದರು, ಏನು ಕೇಳುತ್ತಿದ್ದರು, ಯಾವಾಗ ನಿಂತುಹೋಯಿತು ಅಂತ ಕೇಳದೆ ನಾನು ಯಾವ ಸೆಟ್ಟನ್ನೂ ಮನೆಯಿಂದ ಎತ್ತುವುದಿಲ್ಲ. ರಿಪೇರಿಗೆ ಬೇಕಾದ ಅರ್ಧ ವಿಷಯ ಆ ಉತ್ತರಗಳಲ್ಲೇ ಇರುತ್ತದೆ. ಆ ಸಾಮಾನು ಯಾವ ಬದುಕಿನ ಭಾಗವಾಗಿತ್ತು ಅನ್ನುವುದಂತೂ ಬೇರೆಲ್ಲೂ ಸಿಗುವುದಿಲ್ಲ.

ಆ ಅಮ್ಮ ಹೇಳಿದರು: "ಅಣ್ಣ ವಾರ್ತೆಗೆ ಮುಂಚೇನೇ ಹಾಕಿಡ್ತಿದ್ರು, ಬಿಸಿಯಾಗ್ಲಿ ಅಂತ. ಕೊನೆಕೊನೆಗೆ ಹಾಕಿದ ಸ್ವಲ್ಪ ಹೊತ್ತಿಗೆ ದನಿ ಒಡೆದ ಹಾಗೆ ಆಗ್ತಿತ್ತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಇದನ್ನ ಮೇಲಿಟ್ರು." ಬಿಸಿಯಾದ ಮೇಲೆ ದನಿ ಒಡೆಯುವುದು ಆ ಕಾಗದದ ಕಂಡೆನ್ಸರ್ ಸೋರುತ್ತಿರುವುದರ ಲಕ್ಷಣ. ಅವರು ಗೊತ್ತಿಲ್ಲದೆಯೇ ರೋಗ ಹೇಳಿಬಿಟ್ಟರು.

"ಏರಿಯಲ್ ಎಲ್ಲಿತ್ತು?" ಅಂತ ಕೇಳಿದೆ. ಅವರು ತಲೆಯೆತ್ತಿ ನೋಡಿದರು. ಪಡಸಾಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಾಮ್ರದ ಜಾಲರಿ ಪಟ್ಟಿ, ಸುಣ್ಣ ಹೊಡೆದು ಹೊಡೆದು ಬೆಳ್ಳಗಾಗಿ, ಗೋಡೆಯಲ್ಲಿ ಸೇರಿಹೋಗಿತ್ತು. ಅಲ್ಲಿಯವರೆಗೂ ಯಾರಿಗೂ ಅದು ಕಂಡಿರಲಿಲ್ಲ. ಸ್ಟೂಲ್ ಹತ್ತಿ ಅದನ್ನೂ ಬಿಡಿಸಿಕೊಂಡೆ. ಪಿಂಗಾಣಿಯ ಬಿಲ್ಲೆಗಳು ಎರಡೂ ಕಡೆ ಹಾಗೇ ಇದ್ದವು.

ರೇಡಿಯೊ ಲೈಸೆನ್ಸ್ ಪುಸ್ತಕ ಸೆಟ್ಟಿನ ಹಿಂದೆಯೇ ಸಿಕ್ಕಿತು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ, 1980ರ ದಶಕದವರೆಗೂ ರೇಡಿಯೊ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ಪ್ರತಿ ವರ್ಷ ದುಡ್ಡು ಕಟ್ಟಿ, ಪುಸ್ತಕದಲ್ಲಿ ಸ್ಟಾಂಪ್ ಹಾಕಿಸಿಕೊಂಡು ಬರಬೇಕಿತ್ತು. ಅದರಲ್ಲಿ ಸೆಟ್ಟಿನ ಕಂಪನಿ, ಮಾಡೆಲ್, ಮಾಲೀಕರ ಹೆಸರು, ವಿಳಾಸ ಎಲ್ಲ ಇರುತ್ತದೆ. ಸಂಗ್ರಹ ಮಾಡುವವರು ಕೆಲವರು ಇದನ್ನೂ ಬೇಕು ಅಂತ ಕೇಳುತ್ತಾರೆ. ನಾನು ಫೋಟೊ ತೆಗೆದುಕೊಂಡು ಪುಸ್ತಕವನ್ನು ಮನೆಯವರಿಗೇ ಕೊಡುತ್ತೇನೆ. ಅಪ್ಪನ ಸಹಿ ಇರುವ ಪುಸ್ತಕ ಅಪ್ಪನ ಮಗಳ ಹತ್ತಿರವೇ ಇರಬೇಕು ಅಲ್ವಾ?

ಬೆಲೆಯ ಮಾತು. "ಸುಮ್ನೆ ತಗೊಂಡ್ಹೋಗಿ, ಇಟ್ಕೊಳ್ಳೋರು ಸಿಕ್ರಲ್ಲ, ಅದೇ ಸಾಕು" ಅಂದರು ಅವರು. ಹೀಗೆ ಹೇಳುವವರೇ ಹೆಚ್ಚು. ನಾನು ಸುಮ್ನೆ ತೆಗೆದುಕೊಳ್ಳುವುದಿಲ್ಲ. ಇಂಥ ಸೆಟ್ ಚೆನ್ನಾಗಿ ರಿಪೇರಿಯಾದರೆ ಪೇಟೆಯಲ್ಲಿ ಎಷ್ಟಕ್ಕೆ ಹೋಗಬಹುದು, ರಿಪೇರಿಗೆ ಎಷ್ಟಾಗಬಹುದು ಎರಡನ್ನೂ ಮೊದಲೇ ಹೇಳುತ್ತೇನೆ. ಅಷ್ಟು ಹೇಳಿದ ಮೇಲೆ ನನ್ನ ಬೆಲೆ ಹೇಳುತ್ತೇನೆ. ಅವರಿಗೆ ಬೇರೆಯವರಿಗೆ ಕೊಡುವ ಮನಸ್ಸಾದರೆ ಕೊಡಲಿ. ಮಾಹಿತಿ ಗೊತ್ತಿಲ್ಲದ ವಯಸ್ಸಾದವರಿಂದ ಐನೂರು ರೂಪಾಯಿಗೆ ಎತ್ತಿಕೊಂಡು ಬಂದು ಅದನ್ನೇ ಹತ್ತಾರು ಪಟ್ಟು ಬೆಲೆಗೆ ಮಾರುವುದನ್ನು ಚಾಣಾಕ್ಷತನ ಅಂತ ಹೇಳಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಅದು ಮೋಸ ಅಂತಲೇ ಅನಿಸುತ್ತದೆ.

ಇನ್ನೊಂದು ಮಾತನ್ನೂ ಕೇಳಿಕೊಂಡೆ. "ರೆಕಾರ್ಡು, ಸ್ಪೂಲು ಎಲ್ಲಾ ಒಟ್ಟಿಗೇ ಕೊಡಿ, ಬೇರೆ ಬೇರೆ ಮಾಡ್ಬೇಡಿ." ಪ್ಲೇಯರ್ ಒಬ್ಬರಿಗೆ, ರೆಕಾರ್ಡ್ ಇನ್ನೊಬ್ಬರಿಗೆ ಅಂತ ಹಂಚಿದರೆ ಆ ಮನೆಯವರು ಏನು ಕೇಳುತ್ತಿದ್ದರು ಅನ್ನುವುದೇ ಅಳಿಸಿಹೋಗುತ್ತದೆ. ಆ ಪೆಟ್ಟಿಗೆಯಲ್ಲಿ ಬಿ.ಎಸ್. ರಾಜ ಅಯ್ಯಂಗಾರ್, ಪಿ. ಕಾಳಿಂಗರಾವ್, ಚೌಡಯ್ಯನವರ ಪಿಟೀಲು ಎಲ್ಲ ಇದ್ದವು. ಹಳೆಯವು ನಿಮಿಷಕ್ಕೆ 78 ಸುತ್ತಿನ ಅರಗಿನ ರೆಕಾರ್ಡ್‌ಗಳು, ಕೈಜಾರಿದರೆ ಚೂರು. ಅವನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬಾರದು, ನಿಲ್ಲಿಸಿ ಇಡಬೇಕು. ಸ್ಪಿರಿಟ್ ಹಾಕಿ ಒರೆಸಲೂಬಾರದು, ಅರಗು ಕರಗುತ್ತದೆ. ಹೆಂಚಿನ ಕೆಳಗಿನ ಬಿಸಿಗೆ, ಆಮೇಲೆ ಬಂದ ಪ್ಲಾಸ್ಟಿಕ್ ರೆಕಾರ್ಡ್‌ಗಳಾದ ಎಲ್‌ಪಿಗಳು ಕೆಲವು ಸೊಟ್ಟಗಾಗಿದ್ದವು. ಅವನ್ನೂ ತೆಗೆದುಕೊಂಡೆ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಸಣ್ಣದು, ಹಾಗಾಗಿ ಸೂಜಿ ಬೇರೆ ಬೇರೆ. ಗ್ಯಾರಾರ್ಡ್‌ನ ಸೂಜಿ ಹಿಡಿಯುವ ಕಾರ್ಟ್ರಿಜ್‌ನಲ್ಲಿ ತಿರುಗಿಸಿಕೊಳ್ಳುವ ಎರಡೂ ಸೂಜಿ ಇದ್ದವು, ಆದರೆ ಅದು ಕ್ರಿಸ್ಟಲ್ ಕಾರ್ಟ್ರಿಜ್. ಒಳಗಿನ ಹರಳು ತೇವಕ್ಕೆ ಕರಗುವಂಥದ್ದು. ಅದರ ಜಾಗಕ್ಕೆ ಸೆರಾಮಿಕ್ ಹಾಕಬೇಕಾಯಿತು.

ಎಲ್ಲ ಕರೆಗಳೂ ಹೀಗೆ ಇರುವುದಿಲ್ಲ. ಲಕ್ಷ್ಮೀಪುರಂನ ಒಂದು ಮನೆಯ ಸುದ್ದಿ ನನಗೆ ಬರುವ ಹೊತ್ತಿಗೆ ಸಾಮಾನೆಲ್ಲ ಹೋಗಿತ್ತು. ವಿಚಾರಿಸಿಕೊಂಡು ಮಂಡಿ ಮೊಹಲ್ಲಾ ಕಡೆಯ ಗುಜರಿ ಅಂಗಡಿಗೆ ಹೋದೆ. "ಭಾಯ್, ನಿನ್ನೆ ಒಂದು ರೇಡಿಯೊ ಬಂತಂತಲ್ಲ?" ಅಂದೆ. "ಬಂತು ಸರ್, ಒಡೆದಾಯ್ತು" ಅಂದರು. ಟ್ರಾನ್ಸ್‌ಫಾರ್ಮರಿನ ತಾಮ್ರ ಒಂದು ಗೋಣಿಯಲ್ಲಿ, ಸ್ಪೀಕರಿನ ಆಯಸ್ಕಾಂತ ಇನ್ನೊಂದರಲ್ಲಿ, ಪೆಟ್ಟಿಗೆಯ ಮರ ಹೊರಗೆ. ಅವರ ತಪ್ಪಿಲ್ಲ. ಅವರಿಗೆ ಕೊಟ್ಟವರು ತೂಕಕ್ಕೆ ಕೊಟ್ಟಿದ್ದರು. ಒಂದು ಡಬ್ಬಿಯಲ್ಲಿ ವಾಲ್ವ್‌ಗಳು ಉಳಿದಿದ್ದವು, ಗಾಜಿಗೆ ಬೆಲೆ ಇಲ್ಲವಲ್ಲ. ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದವೂ ಅದರಲ್ಲಿದ್ದವು. ಎಲ್ಲವನ್ನೂ ಕೊಂಡುಕೊಂಡೆ. ಅವತ್ತಿನಿಂದ ಅವರು ರೇಡಿಯೊ ಬಂದರೆ ಒಡೆಯುವ ಮೊದಲು ಫೋನ್ ಮಾಡುತ್ತಾರೆ. ಆದರೆ ಗುಜರಿಗೆ ಬಂದ ಸೆಟ್ಟಿಗೆ ಮಾತಿಲ್ಲ. ಯಾವ ಮನೆಯದ್ದು, ಯಾಕೆ ನಿಂತಿತು, ಯಾರು ಕೇಳುತ್ತಿದ್ದರು, ಒಂದೂ ತಿಳಿಯುವುದಿಲ್ಲ.

ಪ್ರವಾಸಿಗಳು ಬರುವ ಆಂಟಿಕ್ ಅಂಗಡಿಗಳ ಬಗ್ಗೆ ಒಂದು ಎಚ್ಚರಿಕೆ. ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಎಂಟು ಮೂಲೆಯ ಪೆಟ್ಟಿಗೆ, ನಾಯಿಯ ಚಿತ್ರ ಅಂಟಿಸಿದ ಗ್ರಾಮಫೋನ್‌ಗಳು ಹೆಚ್ಚಿನವು ಇತ್ತೀಚೆಗೆ ಜೋಡಿಸಿದವು. ಹಳೆ ಪೋರ್ಟಬಲ್‌ನ ಮೋಟಾರ್ ಕಿತ್ತು ಹೊಸ ಪೆಟ್ಟಿಗೆಗೆ ಕೂರಿಸಿರುತ್ತಾರೆ. ನಿಜವಾದ ಗ್ರಾಮಫೋನ್ ಬೇಕಿದ್ದರೆ ಕಹಳೆ ಇಲ್ಲದ, ಸೂಟ್‌ಕೇಸಿನ ಹಾಗಿರುವ ಎಚ್‌ಎಂವಿ 102 ಹುಡುಕಿ. ನೋಡುವುದಕ್ಕೆ ಸಾದಾ, ಕೇಳುವುದಕ್ಕೆ ಬಹಳ ಚೆನ್ನ. ಉಕ್ಕಿನ ಸೂಜಿಯನ್ನು ಮಾತ್ರ ರೆಕಾರ್ಡಿನ ಒಂದೊಂದು ಮಗ್ಗುಲಿಗೂ ಬದಲಾಯಿಸಬೇಕು. ಸವೆದ ಸೂಜಿ ಗೆರೆಯನ್ನೇ ಕೊರೆದುಹಾಕುತ್ತದೆ.

ಕುವೆಂಪುನಗರ, ಜಯಲಕ್ಷ್ಮೀಪುರಂ ಕಡೆ ಸಿಗುವುದು ಬೇರೆ ಥರದ ಸಾಮಾನು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಮೆರಿಕದಿಂದ ವಾಪಸ್ ಬಂದವರು ತಂದ ಪಯೋನಿಯರ್, ಸ್ಯಾನ್ಸುಯಿ, ಮರಾಂಟ್ಜ್. ಅಲ್ಲಿ ಹಿಂದಿನ ಫಲಕದಲ್ಲಿ ಬರೆದ ವೋಲ್ಟೇಜ್ ಓದಬೇಕು. 110 ಅಥವಾ 120 ಅಂತಿದ್ದರೆ ನಮ್ಮ 230ಕ್ಕೆ ನೇರ ಹಾಕಿದರೆ ಅಲ್ಲಿಗೆ ಮುಗಿಯಿತು, ಟ್ರಾನ್ಸ್‌ಫಾರ್ಮರ್ ಬೇಕು. ಆಂಪ್ಲಿಫೈಯರಿಗೆ ಅಷ್ಟಾದರೆ ಸಾಕು. ಕೆಲವು ಟರ್ನ್‌ಟೇಬಲ್‌ಗಳಿಗೆ ಸಾಲದು. ಅಮೆರಿಕದ ಕರೆಂಟ್ 60 ಹರ್ಟ್ಜ್, ನಮ್ಮದು 50. ಎಸಿ ಮೋಟಾರಿನಿಂದ ಬೆಲ್ಟ್ ತಿರುಗುವ ಯಂತ್ರದಲ್ಲಿ ವೇಗ ಆ ಹರ್ಟ್ಜನ್ನೇ ಅನುಸರಿಸುತ್ತದೆ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದದ್ದು ಇಲ್ಲಿ 28ರ ಹತ್ತಿರ ತಿರುಗುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ದನಿಯೂ ಗಂಡಸಿನ ದನಿಯಂತೆ ಕೇಳಿಸುತ್ತದೆ. 50 ಹರ್ಟ್ಜಿನ ಅಳತೆಯ ಪುಲ್ಲಿ ಮಾಡಿಸಿ ಹಾಕಿದರೆ ಸರಿಹೋಗುತ್ತದೆ. ಆ ಕಾಲದ ಸ್ಪೀಕರ್‌ಗಳಲ್ಲಿ ಕೋನಿನ ಸುತ್ತ ಫೋಮ್ ಇದ್ದರೆ ಬೆರಳು ತಾಗಿಸಿದ ಕೂಡಲೇ ಪುಡಿಯಾಗುತ್ತದೆ. ಬಟ್ಟೆಯ ಅಂಚು ಇದ್ದದ್ದು ಇನ್ನೂ ಗಟ್ಟಿ.

ಮಂಡ್ಯದ ಕಡೆಯ ಅನುಭವವೇ ಬೇರೆ. ಅಲ್ಲಿ ಮನೆಯ ಸೆಟ್‌ಗಿಂತ ಮೈಕ್‌ಸೆಟ್ ಅಂಗಡಿಗಳಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ. ನಾಲೆ ಬಯಲಿನ ಊರುಗಳಲ್ಲಿ ಮದುವೆ, ಹಬ್ಬ, ನಾಟಕ, ಚುನಾವಣೆ ಯಾವುದಿದ್ದರೂ ಮೈಕ್‌ಸೆಟ್ ಬೇಕು. ಪೇಟೆಯ ಒಂದು ಹಳೆ ಅಂಗಡಿ ಮುಚ್ಚುತ್ತಿದ್ದಾರೆ ಅಂತ ಗೊತ್ತಾಗಿ ಹೋದೆ. ಯಜಮಾನರಿಗೆ ಎಂಬತ್ತರ ಹತ್ತಿರ. ಮಗ ಡಿಜೆ ಸೆಟ್ ಇಟ್ಟುಕೊಂಡಿದ್ದಾರೆ, ಅವರಿಗೆ ಜಾಗ ಬೇಕು. ಮೂಲೆಯಲ್ಲಿ ಅಹುಜಾ ವಾಲ್ವ್ ಆಂಪ್ಲಿಫೈಯರ್, ಎರಡು ಹಾರ್ನ್, ಅವುಗಳ ಹಿಂದೆ ಕೂರಿಸಿ ದನಿ ಹೊರಡಿಸುವ ಯೂನಿಟ್‌ಗಳು, ರೆಕಾರ್ಡ್ ಪ್ಲೇಯರ್ ಹೊಂದಿಸಿದ ಮರದ ಪೆಟ್ಟಿಗೆ.

"ಕೂತ್ಕಳಪ್ಪ" ಅಂದರು. ಕೂತೆ. ಎರಡು ಟೀ ಮುಗಿಯುವಷ್ಟು ಹೊತ್ತು ಅವರು ಹೇಳಿದರು, ನಾನು ಕೇಳಿದೆ. ಕರೆಂಟ್ ಇಲ್ಲದ ಹಳ್ಳಿಗೆ ಗಾಡಿಯ ಮೇಲೆ ಬ್ಯಾಟರಿ ಹೇರಿಕೊಂಡು ಹೋಗುತ್ತಿದ್ದದ್ದು, ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟುತ್ತಿದ್ದದ್ದು, ಧಾರೆಯ ಹೊತ್ತಿಗೆ ಯಾವ ರೆಕಾರ್ಡ್ ಹಾಕಬೇಕು, ಊಟದ ಹೊತ್ತಿಗೆ ಯಾವುದು ಅನ್ನುವ ಕ್ರಮ. ಆಂಪ್ಲಿಫೈಯರಿನ ಹಿಂದಿನ ಟರ್ಮಿನಲ್‌ಗಳನ್ನು ತೋರಿಸಿ, "ಒಂದ್ ಯೂನಿಟ್ಟಿಗೆ ಹದಿನಾರು ಓಮ್ಸು, ಎಲ್ಡು ಜೊತೆಗಾಕುದ್ರೆ ಎಂಟು. ಹಾರ್ನ್ ಕಟ್ಟದೆ ಮಾತ್ರ ಯಾವತ್ತೂ ಆನ್ ಮಾಡ್ಬ್ಯಾಡ" ಅಂದರು. ಇದು ಅಪ್ಪಟ ಸತ್ಯ. ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರ್ ಇಲ್ಲದೆ ಹಾಡು ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರುತ್ತದೆ. ಅವರು ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಬ್ಯಾಟರಿ ವಾಲ್ವ್ ರೇಡಿಯೊ ಕೂಡ ಸಿಗುತ್ತವೆ. ಡಿಎಲ್96 ಥರದ ವಾಲ್ವಿನವು, 90 ವೋಲ್ಟಿನ ದೊಡ್ಡ ಒಣ ಬ್ಯಾಟರಿಯಲ್ಲಿ ನಡೆಯುತ್ತಿದ್ದವು. ಆ ಬ್ಯಾಟರಿ ಈಗ ಸಿಗುವುದಿಲ್ಲ, 9 ವೋಲ್ಟಿನ ಹತ್ತು ಬ್ಯಾಟರಿ ಸಾಲಾಗಿ ಜೋಡಿಸಿದರೆ ಕೆಲಸ ನಡೆಯುತ್ತದೆ.

ಇನ್ನು ಮನೆಗೆ ತಂದ ಮೇಲಿನ ಕೆಲಸ. ಮೊದಲು ಧೂಳು, ಬ್ರಷ್‌ನಲ್ಲಿ, ನೀರು ಸೋಕಿಸದೆ. ಆಮೇಲೆ ಕಂಡೆನ್ಸರ್‌ಗಳು. ಕಾಗದದವನ್ನು ಪರೀಕ್ಷೆಯನ್ನೂ ಮಾಡದೆ ಬದಲಾಯಿಸುತ್ತೇನೆ. ಹಳೆಯ ತಗಡಿನ ಫಿಲ್ಟರ್ ಕಂಡೆನ್ಸರನ್ನು ನೋಟಕ್ಕೆ ಅಲ್ಲೇ ಬಿಟ್ಟು, ಕೆಳಗಡೆ ಹೊಸದು ಕೂರಿಸುತ್ತೇನೆ. ಇದರಲ್ಲಿ ನನಗೆ ಕೈಹಿಡಿದು ಕಲಿಸಿದವರು ಶಿವರಾಂಪೇಟೆಯ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಈಗಲೂ ಕಷ್ಟದ ಸೆಟ್ ಇದ್ದರೆ ಬಂದು ಕೂರುತ್ತಾರೆ.

ಎಲ್ಲ ಆದ ಮೇಲೆ ಸೀರೀಸ್ ಬೋರ್ಡ್. ಹಳೆ ಗಾಜಿನ 60 ವಾಟ್ ಬಲ್ಬನ್ನು ಸೆಟ್ಟಿನ ಜೊತೆ ಸಾಲಾಗಿ ಹಾಕಿ ಕರೆಂಟ್ ಕೊಡುವುದು. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ಫಿಲಮೆಂಟ್ ಇರುವುದೇ ಆಗಬೇಕು. ಸೆಟ್ಟಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಸರಿ ಇದ್ದರೆ ಬಲ್ಬ್ ಒಮ್ಮೆ ಬೆಳಗಿ ಮಂಕಾಗುತ್ತದೆ. ಒಂಟಿಕೊಪ್ಪಲಿನ ಫಿಲಿಪ್ಸ್ ಹಾಕಿದಾಗ ಬಲ್ಬ್ ಮಂಕಾಯಿತು. ವಾಲ್ವ್‌ಗಳು ಕೆಂಪಗಾದವು. ಸ್ಟೇಷನ್ ಸರಿಯಾಗಿ ಸಿಕ್ಕಿದೆಯಾ ಅಂತ ತೋರಿಸುವ ಮ್ಯಾಜಿಕ್ ಐ ಹಸಿರಾಗಿ ಕಣ್ಣು ಬಿಟ್ಟಿತು. ಮೀಡಿಯಂ ವೇವ್‌ನಲ್ಲಿ ಮುಳ್ಳನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಕಡೆಗೆ ತಿರುಗಿಸಬೇಕು ಅನ್ನುವಾಗ ಅದನ್ನು ಎಳೆಯುವ ಡಯಲ್ ದಾರ ತುಂಡಾಯಿತು. ಆ ದಾರವನ್ನು ಗಾಲಿಗಳ ಸುತ್ತ ಮತ್ತೆ ಸುತ್ತುವುದು ಇಡೀ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡುವ ಭಾಗ. ಬಿಚ್ಚುವ ಮುಂಚೆಯೇ ದಾರದ ದಾರಿಯನ್ನು ಫೋಟೊ ತೆಗೆದಿಟ್ಟುಕೊಂಡಿದ್ದೆ, ಅದು ಕೈಹಿಡಿಯಿತು. ಸಂಜೆಯ ಹೊತ್ತಿಗೆ ವಾರ್ತೆ ಬಂತು. ಅದೇ ತಾಮ್ರದ ಪಟ್ಟಿಯನ್ನು ನನ್ನ ಕೋಣೆಯಲ್ಲಿ ಕಟ್ಟಿದ್ದೆ. ಜಯನಗರಕ್ಕೆ ಫೋನ್ ಮಾಡಿ ಸ್ಪೀಕರ್ ಹತ್ತಿರ ಹಿಡಿದೆ. ಅವರು ಸ್ವಲ್ಪ ಹೊತ್ತು ಕೇಳಿ, "ಬೇಸ್ ಜಾಸ್ತಿ ಇಡಿ. ಅಣ್ಣ ಹಾಗೇ ಇಡ್ತಿದ್ದಿದ್ದು" ಅಂದರು. ಇಟ್ಟೆ.

ಸ್ಪೂಲ್ ರೆಕಾರ್ಡರ್ ಇನ್ನೂ ಪೂರ್ತಿ ಆಗಿಲ್ಲ. ಬೆಲ್ಟ್ ಕರಗಿ ಟಾರಿನ ಹಾಗೆ ಮೆತ್ತಿಕೊಂಡಿತ್ತು, ಅದನ್ನು ಕೆರೆದು ತೆಗೆದಿದ್ದೇನೆ. ಟೇಪನ್ನು ಎಳೆಯುವ ರಬ್ಬರ್ ರೋಲರ್ ಕಲ್ಲಾಗಿದೆ, ಅದಕ್ಕೆ ಹೊಸ ರಬ್ಬರ್ ಕಟ್ಟಿಸಬೇಕು. ಟೇಪ್‌ಗಳನ್ನು ಮಾತ್ರ ಬೇರೆ ಯಂತ್ರದಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಲು ಶುರು ಮಾಡಿದ್ದೇನೆ. ಹಳೆ ಟೇಪನ್ನು ಮೊದಲ ಸಲಕ್ಕೇ ಫಾಸ್ಟ್ ಫಾರ್ವರ್ಡ್ ಮಾಡಬಾರದು, ಹರಿಯುತ್ತದೆ. ನಿಧಾನವಾಗಿ ಓಡಿಸಬೇಕು. ವಿನಿಗರ್ ವಾಸನೆ ಬರುವ ಟೇಪ್ ಇದ್ದರೆ ಬೇರೆಯವುಗಳ ಜೊತೆ ಇಡದೆ ಅದನ್ನೇ ಮೊದಲು ಇಳಿಸಬೇಕು, ಅದಕ್ಕೆ ಆಯಸ್ಸು ಕಮ್ಮಿ. ಡಬ್ಬಿಗಳ ಮೇಲೆ ಆ ಅಮ್ಮನ ತಂದೆ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: ಎಂಟನೇ ಕ್ರಾಸ್, ಗಣಪತಿ ಉತ್ಸವ, ರಾಗಗಳ ಹೆಸರು, ಟೇಪಿನ ವೇಗ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಕಚೇರಿಗಳನ್ನು ಗೊತ್ತಿಲ್ಲದ ಸಂಗೀತಪ್ರಿಯರು ಮೈಸೂರಿನಲ್ಲಿಲ್ಲ. ಅವುಗಳನ್ನು ರಸ್ತೆಯಲ್ಲೇ ಕೂತು ರೆಕಾರ್ಡ್ ಮಾಡಿಕೊಂಡಿದ್ದಾರೆ. ಮೃದಂಗದ ತನಿ ಆವರ್ತನದ ನಡುವೆ ಸೈಕಲ್ ಬೆಲ್ ಕೇಳಿಸುತ್ತದೆ, ಪಕ್ಕದಲ್ಲಿ ಯಾರೋ ತಾಳ ಹಾಕುವುದು ಕೇಳಿಸುತ್ತದೆ. ಇಳಿಸಿದ್ದನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ಜಯನಗರದ ಆ ಅಮ್ಮನಿಗೆ ಕಳಿಸುತ್ತಿದ್ದೇನೆ. ಹಾಡಿದವರು ಯಾರು ಅಂತ ಡಬ್ಬಿಯಲ್ಲಿ ಬರೆಯದಿರುವ ಕಡೆ ಅವರೇ ನೆನಪಿಸಿಕೊಂಡು ಬರೆದು ಕಳಿಸುತ್ತಾರೆ.

ಮಂಡ್ಯದ ಯಜಮಾನರು ಕಳೆದ ತಿಂಗಳು ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಬಂದಿದ್ದರು, ಆಂಪ್ಲಿಫೈಯರ್ ಹೇಗಿದೆ ನೋಡೋಣ ಅಂತ. ಕಂಡೆನ್ಸರ್ ಬದಲಾಯಿಸಿ, ಹಾರ್ನ್ ಕಟ್ಟಿ, ಸಣ್ಣ ದನಿಯಲ್ಲಿ ಹಾಕಿ ತೋರಿಸಿದೆ. ಅವರು ಕಿವಿ ಕೊಟ್ಟು ಕೇಳಿ, "ಹಮ್ಮಿಂಗ್ ಅದೆ, ಪ್ಲೇಯರಿನ ಅರ್ಥ್ ತಂತಿ ತಗದು ಈ ಸ್ಕ್ರೂಗೆ ಕಟ್ಟು" ಅಂದರು. ಕಟ್ಟಿದೆ, ಹಮ್ಮಿಂಗ್ ಹೋಯಿತು. ಮದ್ದೂರಿನ ಹತ್ತಿರ ಅವರ ಭಾವಮೈದನ ಮನೆಯಲ್ಲಿ ಮದುವೆ ರೆಕಾರ್ಡ್‌ಗಳ ಎರಡು ಪೆಟ್ಟಿಗೆ ಇದೆಯಂತೆ. ಆ ಮನೆಯನ್ನೂ ಕೆಡವಿ ಹೊಸದು ಕಟ್ಟುತ್ತಾರಂತೆ. ಭಾನುವಾರ ಇಬ್ಬರೂ ಹೋಗುವುದು ಅಂತ ಮಾತಾಗಿದೆ. ಗೋಣಿಚೀಲ ಬೇಡ, ರೆಕಾರ್ಡ್ ನಿಲ್ಲಿಸಿಕೊಂಡು ತರುವುದಕ್ಕೆ ಹಾಲಿನ ಕ್ರೇಟ್ ತಂದುಬಿಡು ಅಂತ ನಿನ್ನೆ ಫೋನ್ ಮಾಡಿ ಹೇಳಿದ್ದಾರೆ.